ಕೋಲಾರದ ಬೋರ್‌ವೆಲ್ ನೀರಿಗೆ ಯಾವ ಸೋಪು, ಯಾವ ಕ್ರೀಮು? ಡಬ್ಬಿಯ ಹಿಂಬದಿ ಓದಿ ಮಾಡಿದ ಹೋಲಿಕೆ

ಕೋಲಾರದಲ್ಲಿ ಬೋರ್‌ವೆಲ್ ನೀರಲ್ಲಿ ಸ್ನಾನ ಮಾಡುವವರು ಸೀರಮ್ಮಿಗೆ ದುಡ್ಡು ಸುರಿಯುವ ಮುಂಚೆ ಸೋಪನ್ನು ನೋಡಬೇಕು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಕೊಬ್ಬಿನಾಮ್ಲದ ಜೊತೆ ಸೇರಿ ಕರಗದ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಬೆಳ್ಳಗೆ ಅಂಟುವುದೇ ಮೈಮೇಲೂ ಕೂರುತ್ತದೆ. ಸಾಲದ್ದಕ್ಕೆ ಸೋಪಿನ ಪಿಎಚ್ (ಆಮ್ಲ, ಕ್ಷಾರದ ಅಳತೆ) 9ರಿಂದ 10, ಚರ್ಮದ್ದು 5ರ ಆಸುಪಾಸು. ಸ್ನಾನವಾದ ಅರ್ಧ ಗಂಟೆಗೆ ಮೈ ಬಿಗಿಯುವುದು, ಮೊಣಕಾಲ ಕೆಳಗೆ ಉಗುರು ತಾಗಿದರೆ ಬಿಳಿ ಗೆರೆ ಮೂಡುವುದು ಹೀಗೆ.

ಅಂಗಡಿಯವರು 'ಟಿಎಫ್‌ಎಂ 76, ಗ್ರೇಡ್ ಒನ್' ಎಂದು ಕೈಗಿಡುತ್ತಾರೆ. ಅದು ಸೋಪಿನಲ್ಲಿರುವ ಕೊಬ್ಬಿನಂಶದ ಲೆಕ್ಕ. ಸೋಪು ಸೋಪುಗಳ ನಡುವೆ ಆರಿಸಲು ಸರಿ, ಗಡಸು ನೀರಿನ ಮುಂದೆ ಅದರ ಆಟ ನಡೆಯದು. ಬೇಕಾದ್ದು ಸಿಂಡೆಟ್ ಬಾರ್, ಅಂದರೆ ಸೋಪಿನ ಬದಲು ಬೇರೆ ತೊಳೆಯುವ ವಸ್ತುವಿನಿಂದ ಮಾಡಿದ ಬಿಲ್ಲೆ. ಹಿಂಬದಿಯಲ್ಲಿ ಮೊದಮೊದಲೇ ಸೋಡಿಯಂ ಲಾರಾಯ್ಲ್ ಅಥವಾ ಕೊಕೊಯ್ಲ್ ಐಸೆಥಿಯೊನೇಟ್ ಇದ್ದರೆ ಅದು ಸಿಂಡೆಟ್. ಸೋಡಿಯಂ ಪಾಮೇಟ್ ಇದ್ದರೆ ಮಾಮೂಲಿ ಸೋಪು. ಸಿಂಡೆಟ್ ಗಸಿ ಕಟ್ಟುವುದಿಲ್ಲ, ಆದರೆ ಬೇಗ ಕರಗುತ್ತದೆ, ನೀರು ನಿಲ್ಲದ ಸೋಪುಡಬ್ಬಿ ಬೇಕು. ಇಡೀ ಮನೆಗೆ ದುಬಾರಿಯಾದರೆ ಮುಖ ಮತ್ತು ಕೈಕಾಲಿಗೆ ಇದು, ಕಂಕುಳಿಗೂ ಪಾದಕ್ಕೂ ಹಳೇ ಸೋಪು ಸಾಕು.

ಇನ್ನು ಹಯಲುರಾನಿಕ್ ಆಸಿಡ್ ಸೀರಮ್. ಇದರ ಕೆಲಸ ನೀರು ಹಿಡಿದಿಡುವುದು. ಮೆಡಿಕಲ್ ಶಾಪಿನ ಗ್ಲಿಸರಿನ್ ಮಾಡುವುದೂ ಅದನ್ನೇ, ಅದೂ ಕಡಿಮೆ ದುಡ್ಡಿಗೆ. ನಮ್ಮ ಓಟು ಗ್ಲಿಸರಿನ್‌ಗೇ. ಎರಡಕ್ಕೂ ಒಂದೇ ತೊಡಕು: ಧನುರ್ಮಾಸದ ಒಣ ಚಳಿಗಾಳಿಯಲ್ಲಿ ಎಳೆದುಕೊಳ್ಳಲು ತೇವ ಸಿಗದಿದ್ದರೆ ಚರ್ಮದ ಒಳಗಿನ ನೀರನ್ನೇ ಮೇಲಕ್ಕೆಳೆದು ಗಾಳಿಗೆ ಬಿಡುತ್ತವೆ. ಹಾಗಾಗಿ ಒಣ ಮುಖಕ್ಕೆ ಹಚ್ಚಲೇಬಾರದು. ಮುಖ ತೊಳೆದು ಟವೆಲಿನಲ್ಲಿ ಒತ್ತಿ, ತೇವ ಇರುವಾಗಲೇ, ಒದ್ದೆ ಅಂಗೈಗೆ ನಾಲ್ಕೈದು ಹನಿ ಗ್ಲಿಸರಿನ್ ಹಾಕಿ ಸವರಿ, ಮೂರು ನಿಮಿಷದೊಳಗೆ ಮೇಲೊಂದು ಮುಚ್ಚಳ ಹಾಕಬೇಕು. ಆ ಮುಚ್ಚಳ ಅಂದರೆ ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಬಗೆಯ ಕೊಬ್ಬು) ಇರುವ ಕ್ರೀಮು, ಇಲ್ಲವೇ ಕಡಲೆಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿ. ನೀರು ಆವಿಯಾಗದಂತೆ ತಡೆಯುವುದರಲ್ಲಿ ಜೆಲ್ಲಿಯನ್ನು ಮೀರಿಸಿದ್ದು ಇಲ್ಲ. ಮೊಡವೆ ಏಳುವ ಎಣ್ಣೆಮುಖಕ್ಕೆ ಜೆಲ್ಲಿಯ ಜಿಡ್ಡು ಹಿಡಿಸದು, ಅಂಥವರು ಕ್ರೀಮಿಗೇ ನಿಲ್ಲಿ. ಗ್ಲಿಸರಿನ್ನಿಗೆ ಪನ್ನೀರು ಬೆರೆಸಿ ಬಾಟಲಿ ತುಂಬಿಡುವವರಿದ್ದಾರೆ. ನೀರಂಶ ಹೆಚ್ಚಾದ ಮಿಶ್ರಣದಲ್ಲಿ ಕ್ರಿಮಿ ಬೆಳೆಯುತ್ತದೆ, ಅಂದಂದಿಗೆ ಅಂಗೈಯಲ್ಲೇ ಬೆರೆಸಿಕೊಳ್ಳಿ.

ಕೇಸರಿ, ಶ್ರೀಗಂಧ, ಲೋಳೆಸರ ಎಂದು ಮುಂಬದಿಯಲ್ಲಿ ಚಿತ್ರ ಹಾಕಿದ ಕ್ರೀಮುಗಳಿಗೆ ಒಂದು ಅಳತೆಗೋಲಿದೆ. ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚಿರುವುದು ಮೊದಲು, ಕಡಿಮೆಯದು ಆಮೇಲೆ. 1%ಕ್ಕಿಂತ ಕಡಿಮೆ ಇರುವವನ್ನು ಹೇಗೆ ಬೇಕಾದರೂ ಜೋಡಿಸಬಹುದು. ಕ್ರೀಮು ಕೆಡದಂತೆ ಹಾಕುವ ಫಿನಾಕ್ಸಿಎಥನಾಲ್ ಸಾಮಾನ್ಯವಾಗಿ 1% ದಾಟುವುದಿಲ್ಲ. ಕೇಸರಿ ಅದರ ಕೆಳಗಿದ್ದರೆ ಚಿತ್ರಕ್ಕಷ್ಟೇ ಕೇಸರಿ. ಸುಕ್ಕಿಗೆ ಹಚ್ಚುವ ರೆಟಿನಾಲ್‌ಗೆ (ವಿಟಮಿನ್ ಎಯ ಒಂದು ರೂಪ) ಮಾತ್ರ ಈ ಲೆಕ್ಕ ಹಿಡಿಯಬೇಡಿ, ಅದು 0.3%ನಲ್ಲೂ ಕೆಲಸ ಮಾಡುತ್ತದೆ. ಬಸುರಿಯರು ಅದನ್ನು ಮುಟ್ಟಬಾರದು.

ಕಲೆಗೆ ವಿಟಮಿನ್ ಸಿಯೋ ನಯಾಸಿನಮೈಡೋ (ವಿಟಮಿನ್ ಬಿ3ಯ ಒಂದು ರೂಪ)? ಈ ಊರಿನ ಬೇಸಿಗೆಗೆ ನಯಾಸಿನಮೈಡ್. ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಸಿಡ್, ಬಿಸಿ, ಬೆಳಕು, ಗಾಳಿ ಮೂರಕ್ಕೂ ಹೆದರುವ ವಸ್ತು. ಶೀಟಿನ ಛಾವಣಿಯ ಕೋಣೆಯಲ್ಲಿ ಇಟ್ಟರೆ ಬೇಗ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಚೆಲ್ಲುವುದೇ. ನಯಾಸಿನಮೈಡ್ 4-5% ಸಾಕು. 10% ಹಚ್ಚಿ ಮುಖ ಕೆಂಪಾಯಿತು ಅನ್ನುವವರಿಗೆ ಕಂಪನಿ ಬದಲಿಸುವುದಲ್ಲ, ಪ್ರಮಾಣ ಇಳಿಸುವುದೇ ಮದ್ದು. ಎರಡು ಮೂರು ತಿಂಗಳು ಬಿಡದೆ ಹಚ್ಚಿ ಆಮೇಲೆ ತೀರ್ಮಾನಿಸಿ. ತಲೆಗೆ ಹಚ್ಚಿದ ಕೊಬ್ಬರಿಎಣ್ಣೆ ಇಳಿದು ಹಣೆಯಲ್ಲಿ ಏಳುವ ಸಣ್ಣ ಗುಳ್ಳೆಗಳಿಗೆ 2% ಸ್ಯಾಲಿಸಿಲಿಕ್ ಆಸಿಡ್ ಒಳ್ಳೆಯದು, ಎಣ್ಣೆಯಲ್ಲಿ ಕರಗುವ ಆಮ್ಲವಾದ್ದರಿಂದ ರಂಧ್ರದೊಳಗೂ ಇಳಿಯುತ್ತದೆ. ವಾರಕ್ಕೆ ಮೂರು ರಾತ್ರಿ, ಅಷ್ಟೆ. ನಿಂಬೆಹಣ್ಣು ಉಜ್ಜಿ ಬಿಸಿಲಿಗೆ ಹೋದರೆ ಸುಟ್ಟಂತೆ ಕಪ್ಪಾಗುತ್ತದೆ, ಆ ಪ್ರಯೋಗ ಬೇಡ.

ಹಿಮ್ಮಡಿ ಬಿರುಕಿಗೆ ಯೂರಿಯಾ ಕ್ರೀಮನ್ನು ಹಿಂದೆಮುಂದೆ ನೋಡದೆ ಕೊಳ್ಳಬಹುದು. ಟೊಮೆಟೊ ಸಾಲಿಗೆ ಹಾಕುವ ಯೂರಿಯಾದ್ದೇ ಅಣು, ಆದರೆ ಮೂಟೆಯದನ್ನು ಕಲಸಿ ಹಚ್ಚುವಂತಿಲ್ಲ! 10% ಆದರೆ ತೇವ ಹಿಡಿಯುತ್ತದೆ, 20% ದಾಟಿದರೆ ದಪ್ಪ ಚರ್ಮವನ್ನು ಸಡಿಲಿಸುತ್ತದೆ. ರಾತ್ರಿ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಕಾಲಿಟ್ಟು, ಕಲ್ಲಿನಲ್ಲಿ ಮೆಲ್ಲಗೆ ಉಜ್ಜಿ, ಒರೆಸಿ, ಕ್ರೀಮು, ಅದರ ಮೇಲೆ ಜೆಲ್ಲಿ, ಹತ್ತಿಯ ಸಾಕ್ಸ್. ರಕ್ತ ಜಿನುಗುವ ಸೀಳಿಗೆ ಯೂರಿಯಾ ಉರಿ ಹತ್ತಿಸುತ್ತದೆ, ಕೂಡುವ ತನಕ ಬರೀ ಜೆಲ್ಲಿ. ಸಕ್ಕರೆ ಕಾಯಿಲೆಯವರು ಕಲ್ಲು ಮುಟ್ಟದಿರಿ.

ಸನ್‌ಸ್ಕ್ರೀನಿನಲ್ಲಿ ಎಸ್‌ಪಿಎಫ್ 30 ಸುಮಾರು 97% ಯುವಿಬಿ (ಚರ್ಮ ಸುಡುವ ಬಿಸಿಲಿನ ಕಿರಣ) ತಡೆದರೆ 50 ತಡೆಯುವುದು 98%. ಆ ಒಂದಕ್ಕೆ ಹೆಚ್ಚು ಕೊಡುವ ಬದಲು ಅಳತೆ ಸರಿಮಾಡಿ: ಮುಖ, ಕುತ್ತಿಗೆಗೆ ಎರಡು ಬೆರಳುದ್ದ, ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ತೋಟದಲ್ಲಿ ಬೆವರು ಸುರಿಸುವವರಿಗೆ ತುಂಬುತೋಳಿನ ಅಂಗಿ, ತಲೆಗೆ ಟವೆಲು ಇದಕ್ಕಿಂತ ಗಟ್ಟಿ.

ಕೊನೆಗೆ, ವಾರದಲ್ಲಿ ಬೆಳ್ಳಗಾಗಿಸುವ ಕ್ರೀಮು. ಪಟ್ಟಿಯೇ ಇಲ್ಲದ ಡಬ್ಬಿಯಲ್ಲಿ ಪಾದರಸ ಇರಬಹುದು; ನಮ್ಮ ನಿಯಮದ ಪ್ರಕಾರ ಮುಖದ ಕ್ರೀಮಿನಲ್ಲಿ ಅದು ತಾನಾಗಿ ಸೇರಿದ್ದರೂ 10 ಲಕ್ಷಕ್ಕೆ 1 ಭಾಗ ಮೀರುವಂತಿಲ್ಲ. ಟ್ಯೂಬಿನ ಮೇಲೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಸಾಲ್ ಇದ್ದರೆ ಅದು ಸ್ಟೀರಾಯ್ಡ್. 2018ರಲ್ಲೇ ಇಂಥ ಹದಿನಾಲ್ಕನ್ನು ಡಾಕ್ಟರ ಚೀಟಿಯಿಲ್ಲದೆ ಮಾರದಂತೆ ಮಾಡಿದರೂ ಹೆಸರು ಹೇಳಿ ಕೇಳಿ ಕೊಳ್ಳುವವರು ನಿಂತಿಲ್ಲ. ಮೊದಲು ತಿಳಿಯಾದ ಮುಖ ಕ್ರಮೇಣ ತೆಳುವಾಗಿ, ನರ ಕಾಣಿಸಿ, ಕೂದಲು ಬಂದು, ಬಿಟ್ಟರೆ ಉರಿದೇಳುತ್ತದೆ. ತಿಂಗಳುಗಟ್ಟಲೆ ಹಚ್ಚಿದ್ದರೆ ಒಮ್ಮೆಲೇ ನಿಲ್ಲಿಸದೆ ಆ ಟ್ಯೂಬನ್ನೇ ಕೈಯಲ್ಲಿ ಹಿಡಿದು ಚರ್ಮದ ಡಾಕ್ಟರ ಹತ್ತಿರ ಹೋಗಿ. ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ ಎಂಬುದನ್ನು ಮುಚ್ಚಿಡಬೇಡಿ, ಮದ್ದಿನ ಲೆಕ್ಕ ನಿಂತಿರುವುದು ಅದರ ಮೇಲೆ.