ಹ್ಯಾಸೆಲ್‌ಬ್ಲಾಡ್ 500ಸಿ/ಎಂ: ಹಠ ಹಿಡಿದ ಹಳೆಯ ಕ್ಯಾಮೆರಾ

ಪಕ್ಕದ ತಿರುಗುಹಿಡಿ, ಅಂದರೆ ಕ್ರ್ಯಾಂಕ್ ತಿರುಗುವುದಿಲ್ಲ, ಕ್ಲಿಕ್ಕಿಸುವ ಗುಂಡಿ ಒತ್ತಿದರೆ ಒಳಹೋಗುವುದಿಲ್ಲ, ಲೆನ್ಸ್ ಬಿಚ್ಚಲು ಬರುವುದಿಲ್ಲ. ಹಳೆಯ ಹ್ಯಾಸೆಲ್‌ಬ್ಲಾಡ್ 500ಸಿ/ಎಂ ಫಿಲ್ಮ್ ಕ್ಯಾಮೆರಾ ಕೊಂಡ ಅನೇಕರಿಗೆ ಒಂದಲ್ಲ ಒಂದು ದಿನ ಎದುರಾಗುವ ಸ್ಥಿತಿ ಇದು, ನನಗೂ ಎದುರಾಗಿತ್ತು. ಹಲವು ವರ್ಷ ಬಳಸಿದ ಮೇಲೆ ನನಗೆ ಮನವರಿಕೆಯಾಗಿರುವುದೇನೆಂದರೆ, ಇದು ಕೆಟ್ಟಿತು ಎಂದು ನಾವು ಗಾಬರಿಯಾಗುವ ಹೆಚ್ಚಿನ ಸಂದರ್ಭಗಳಲ್ಲಿ ಯಾವ ಭಾಗವೂ ಮುರಿದಿರುವುದಿಲ್ಲ, ಬಾಡಿ, ಲೆನ್ಸ್ ಮತ್ತು ಹಿಂಬದಿಗೆ ಜೋಡಿಸುವ ಫಿಲ್ಮ್ ಪೆಟ್ಟಿಗೆಯಾದ ಮ್ಯಾಗಜಿನ್‌ಗಳ ನಡುವಿನ ಹೊಂದಾಣಿಕೆಯಷ್ಟೇ ತಪ್ಪಿರುತ್ತದೆ.

1957ರ 500ಸಿ ಮಾದರಿಯನ್ನು ಸುಧಾರಿಸಿ 1970ರಲ್ಲಿ ತಂದ ಈ ಕ್ಯಾಮೆರಾಕ್ಕೆ ಬ್ಯಾಟರಿ ಬೇಕಿಲ್ಲ, ಎಲ್ಲವೂ ಸ್ಪ್ರಿಂಗ್ ಮತ್ತು ಹಲ್ಲುಚಕ್ರಗಳ ಕೆಲಸ. ತೆರೆದು ಮುಚ್ಚಿ ಫಿಲ್ಮಿಗೆ ಬೆಳಕು ಬಿಡುವ ಶಟರ್ ಇರುವುದು ಲೆನ್ಸಿನೊಳಗೆ. ಕ್ರ್ಯಾಂಕನ್ನು ಒಂದು ಸುತ್ತು ತಿರುಗಿಸಿದರೆ ಕನ್ನಡಿ ಕೆಳಗಿಳಿಯುತ್ತದೆ, ಲೆನ್ಸಿನ ಶಟರಿಗೆ ಕೀಲಿ ಕೊಟ್ಟಂತಾಗುತ್ತದೆ, ಫಿಲ್ಮ್ ಮುಂದಿನ ಫ್ರೇಮಿಗೆ ಸರಿಯುತ್ತದೆ. ಕ್ಯಾಮೆರಾದ ಬಾಡಿ ಭಾಗಕ್ಕೆ ಕೀಲಿ ಕೊಟ್ಟಿದ್ದು ಲೆನ್ಸಿಗೆ ಕೊಟ್ಟಿರದಿದ್ದರೆ ಎರಡೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ.

ಹಾಗೆ ಸಿಕ್ಕಿಕೊಂಡಾಗ ಬಲ ಹಾಕುವುದೇ ದೊಡ್ಡ ತಪ್ಪು. ಫಿಲ್ಮಿಗೆ ಬೆಳಕು ತಾಗದಂತೆ ಮುಚ್ಚುವ ತೆಳು ತಗಡಾದ ಡಾರ್ಕ್ ಸ್ಲೈಡನ್ನು ತೂರಿಸಿ ಮ್ಯಾಗಜಿನ್ ಬಿಚ್ಚಿದರೆ ಬಾಡಿಯ ಹಿಂಬದಿಯಲ್ಲಿ ಎರಡು ಕಪ್ಪು ರೆಕ್ಕೆಗಳು ಕಾಣುತ್ತವೆ. ಅವನ್ನು ಬೆರಳಿನಿಂದ ಮೆಲ್ಲಗೆ ತೆರೆದು ಟಾರ್ಚ್ ಬೆಳಕಿನಲ್ಲಿ ನೋಡಿದರೆ, ಲೆನ್ಸಿನ ಬುಡದ ಹತ್ತಿರ ಸ್ಕ್ರೂ ತಲೆಯಂತೆ ಸೀಳಿರುವ ಸಣ್ಣ ತಿರುಗಣಿಯೊಂದು ಸಿಗುತ್ತದೆ. ಉದ್ದನೆಯ, ಸಪೂರವಾದ ಸ್ಕ್ರೂಡ್ರೈವರನ್ನು ಅದರಲ್ಲಿ ಕೂರಿಸಿ, ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ, ಸ್ಪ್ರಿಂಗಿನ ಎದುರೊತ್ತು ಕೈಗೆ ತಿಳಿಯುವಂತೆ ನಿಧಾನವಾಗಿ ತಿರುಗಿಸಬೇಕು. ಕಟ್ ಎಂದು ಕೂತ ಸದ್ದು ಕೇಳಿದರೆ ಶಟರಿಗೆ ಕೀಲಿ ಬಿದ್ದಿದೆ ಎಂದರ್ಥ, ಲೆನ್ಸ್ ಬಿಚ್ಚಲು ಬರುತ್ತದೆ. ಉಪಕರಣ ಜಾರಿದರೆ ಲೆನ್ಸಿನ ಹಿಂಗಾಜಿಗೆ ಗೀರು ಬೀಳುವ ಅಪಾಯವಿರುವುದರಿಂದ ನಾನು ಸ್ಕ್ರೂಡ್ರೈವರಿನ ತುದಿಯ ಅಂಚೊಂದನ್ನು ಬಿಟ್ಟು ಉಳಿದ ಭಾಗಕ್ಕೆಲ್ಲ ಟೇಪ್ ಸುತ್ತಿಕೊಳ್ಳುತ್ತೇನೆ. ಬಿಚ್ಚಿಟ್ಟ ಲೆನ್ಸನ್ನು ಮತ್ತೆ ಜೋಡಿಸುವ ಮುನ್ನ ಬಾಡಿಗೂ ಲೆನ್ಸಿಗೂ ಕೀಲಿ ಕೊಟ್ಟಿದೆಯೇ ಎಂದು ನೋಡಿಕೊಂಡರೆ ಈ ಕಷ್ಟ ಬಹುಮಟ್ಟಿಗೆ ತಪ್ಪುತ್ತದೆ.

ಗುಂಡಿ ಒಳಹೋಗದಿರಲು ಇನ್ನೂ ಸರಳವಾದ ಕಾರಣಗಳಿವೆ. ಡಾರ್ಕ್ ಸ್ಲೈಡ್ ಒಳಗಿದ್ದರೆ ಕ್ಯಾಮೆರಾ ಕ್ಲಿಕ್ಕಿಸಲು ಬಿಡುವುದಿಲ್ಲ. 120 ಎಂಬ ಅಳತೆಯ ಫಿಲ್ಮ್ ರೋಲಿನ 12 ಚಿತ್ರಗಳು ಮುಗಿದರೂ ಅಷ್ಟೆ. ಬಾಡಿಯಲ್ಲೂ ಮ್ಯಾಗಜಿನ್ನಿನಲ್ಲೂ ಇರುವ ಪುಟ್ಟ ಕಿಂಡಿಗಳು ಎರಡೂ ಬಿಳಿ ತೋರಿಸುತ್ತಿದ್ದರೆ ಎಲ್ಲವೂ ಸಿದ್ಧವಾಗಿದೆ. ಬಾಡಿ ಬಿಳಿ, ಮ್ಯಾಗಜಿನ್ ಕೆಂಪು ತೋರಿಸುವಾಗ ಹಾಗೆಯೇ ಜೋಡಿಸಿ ಕ್ಲಿಕ್ಕಿಸಿದರೆ ಒಂದೇ ಫ್ರೇಮಿನ ಮೇಲೆ ಎರಡು ಚಿತ್ರ ಬೀಳುತ್ತವೆ.

ಶಟರಿನ ನಿಧಾನ ವೇಗದಲ್ಲಿ ತೆಗೆದ ಚಿತ್ರಗಳು ಮಂಕಾಗಿ ಬಂದರೆ ಲೆನ್ಸನ್ನು ದೂರುವ ಮುನ್ನ ನಮ್ಮ ಬೆರಳನ್ನು ಗಮನಿಸಬೇಕು. ಗುಂಡಿ ಬಿಟ್ಟ ಕೂಡಲೇ ಹಿಂಬದಿಯ ರೆಕ್ಕೆಗಳು ಮುಚ್ಚಿಕೊಳ್ಳುವುದರಿಂದ, ಅರ್ಧ ಸೆಕೆಂಡು ಅಥವಾ ಒಂದು ಸೆಕೆಂಡಿನ ಚಿತ್ರಕ್ಕೆ ಶಟರ್ ಕೆಲಸ ಮುಗಿಸುವವರೆಗೆ ಗುಂಡಿಯನ್ನು ಒತ್ತಿಯೇ ಹಿಡಿದಿರಬೇಕು. ಈ ಒಂದು ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಎರಡು ರೋಲು ಉಳಿಯುತ್ತಿತ್ತು.

ವಯಸ್ಸಿನಿಂದ ಬರುವ ದೋಷಗಳು ಬೇರೆಯೇ. ಚಿತ್ರದ ಒಂದೇ ಅಂಚಿನಲ್ಲಿ ಮತ್ತೆ ಮತ್ತೆ ಬಿಳಿಚಿದ ಪಟ್ಟಿ ಕಂಡರೆ ಡಾರ್ಕ್ ಸ್ಲೈಡ್ ತೂರುವ ಸಂದಿನ ಬೆಳಕು ತಡೆಯುವ ಫೋಮ್ ಸವೆದಿರುವುದೇ ಸಾಮಾನ್ಯ ಕಾರಣ, ತಾಳ್ಮೆಯಿದ್ದವರು ಅದನ್ನು ಮನೆಯಲ್ಲೇ ಬದಲಿಸಬಹುದು. ಲೆನ್ಸಿನ ಶಟರ್ ವಿಷಯ ಹಾಗಲ್ಲ. ಒಳಗಿನ ಗ್ರೀಸ್ ಒಣಗಿ ನಿಧಾನ ವೇಗಗಳು ತಡವರಿಸುತ್ತಿದ್ದರೆ ಹೊರಗಿನಿಂದ ಎಣ್ಣೆ ಬಿಡುವ ಉಪಾಯ ಖಂಡಿತ ಬೇಡ. ಎಣ್ಣೆ ಶಟರಿನ ಎಲೆಗಳ ಮೇಲೆ ಹರಡಿ ಅವು ಅಂಟಿಕೊಳ್ಳುತ್ತವೆ. ಬಲ್ಲ ಮೆಕ್ಯಾನಿಕ್ ಬಿಚ್ಚಿ ಸ್ವಚ್ಛಗೊಳಿಸಬೇಕಾದ ಕೆಲಸವದು.

ಈ ಕ್ಯಾಮೆರಾವನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ, ಆದರೆ ಅವಸರದ ಸ್ವಭಾವದವರಿಗಲ್ಲ. ಕೊಳ್ಳುವ ಮುನ್ನ ಫಿಲ್ಮ್ ಇಲ್ಲದೆಯೇ ವೇಗವನ್ನು ಒಂದು ಸೆಕೆಂಡಿಗಿಟ್ಟು, ಗುಂಡಿಯನ್ನು ಒತ್ತಿಹಿಡಿದು ಕಿವಿಗೊಡಿ: ಹಲ್ಲುಚಕ್ರಗಳ ಸದ್ದು ಎಲ್ಲೂ ತಡೆಯದೆ ಒಂದೇ ಸಮನೆ ಸಾಗಿ, ಶಟರ್ ತಾನಾಗಿ ಮುಚ್ಚಿಕೊಳ್ಳಬೇಕು.