ಎಕ್‌ಸ್ಟಾರ್ 0ಡಬ್ಲ್ಯೂ-20: ಮಾರುತಿ ಪೆಟ್ರೋಲ್ ಕಾರಿಗೆ ಒಳ್ಳೆಯ ಆಯ್ಕೆ

ಎಕ್‌ಸ್ಟಾರ್ ಎಂಬುದು ಸುಜುಕಿಯ ಎಂಜಿನ್ ಆಯಿಲ್; 0ಡಬ್ಲ್ಯೂ-20 ಎಂಬುದು ಆಯಿಲ್ ಎಷ್ಟು ತೆಳು ಎನ್ನುವ ದರ್ಜೆ. ಕೈಪಿಡಿಯಲ್ಲಿ ಇದೇ ದರ್ಜೆ ಹೇಳಿರುವ ಸ್ವಿಫ್ಟ್, ಡಿಸೈರ್‌ಗಳಿಗೆ ಈ ಆಯಿಲ್ ಧೈರ್ಯವಾಗಿ ಹಾಕಿಸಬಹುದು. ತೆಳುವಾದ್ದರಿಂದ ಬೆಳಗಿನ ಸ್ಟಾರ್ಟ್‌ನಲ್ಲಿ ಬೇಗ ಮೇಲೇರಿ, ಎಂಜಿನ್‌ನ ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ತಲುಪುತ್ತದೆ. ಡೀಸೆಲ್ ಎಂಜಿನ್‌ಗೆ ಮಾತ್ರ ಬೇಡ.

ಆಯಿಲ್ ಬದಲಿಸಲು ಕಂಪನಿ ಹೇಳುವುದು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿನಾ ನಾಲ್ಕೈದು ಕಿ.ಮೀ. ಮಾತ್ರ ಓಡುವ ಕಾರಾದರೆ ಕಿ.ಮೀ. ಲೆಕ್ಕಕ್ಕೆ ಕಾಯದೆ ವರ್ಷಕ್ಕೇ ಬದಲಿಸಿ: ಎಂಜಿನ್ ಪೂರ್ತಿ ಬಿಸಿಯಾಗದೆ ಪೆಟ್ರೋಲ್, ತೇವ ಆಯಿಲ್‌ನಲ್ಲೇ ಉಳಿದು ಕೆಸರು ಕಟ್ಟುತ್ತದೆ.

ಪ್ರತಿ ಸಲ ಆಯಿಲ್ ಫಿಲ್ಟರ್, ಹಳೆ ಆಯಿಲ್ ಬಸಿಯಲು ಬಿಚ್ಚುವ ಡ್ರೇನ್ ಬೋಲ್ಟಿನ ವಾಷರ್ ಹೊಸದೇ ಇರಲಿ. ಹಳೆ ವಾಷರ್ ಉಳಿಸಿದರೆ ಸೋರಿಕೆಯಾಗಬಹುದು. ಆಯಿಲ್ ಮಟ್ಟವನ್ನು ಅಳತೆ ಕಡ್ಡಿಯ (ಡಿಪ್‌ಸ್ಟಿಕ್) ಮೇಲಿನ ಗುರುತು ದಾಟಿಸಬೇಡಿ. ಎಂಜಿನ್‌ನ ಕೆಳಗೆ ತಿರುಗುವ ಕ್ರ್ಯಾಂಕ್ ಬಡಿದು ಆಯಿಲ್ ನೊರೆಯಾದರೆ ಆಯಿಲ್ ಒತ್ತಡ ಕುಸಿಯುತ್ತದೆ. ಸೀಲ್ ಡಬ್ಬವನ್ನು ನಿಮ್ಮೆದುರೇ ತೆರೆಸಿ.