ಮಗುವಿಗೆ ಗ್ಲುಟೆನ್ (ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿರುವ ಪ್ರೋಟೀನ್) ಆಗದಿದ್ದರೆ ಮನೆಯವರೆಲ್ಲ ಅದನ್ನು ಬಿಡಬೇಕೇ, ಮಗುವಿನ ಊಟವಷ್ಟೇ ಬೇರೆ ಮಾಡಬೇಕೇ?

ಮೊದಲು ಸೀಲಿಯಾಕ್ ಕಾಯಿಲೆಯ (ಗ್ಲುಟೆನ್ ತಿಂದರೆ ಸಣ್ಣ ಕರುಳಿಗೆ ಹಾನಿಯಾಗುವ ರೋಗ) ರಕ್ತಪರೀಕ್ಷೆ ಮುಗಿದಿರಲಿ. ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಫಲಿತಾಂಶವನ್ನು ನಂಬುವುದು ಕಷ್ಟ.

ಸೀಲಿಯಾಕ್ ಎಂದಾದರೆ, ಅದರಲ್ಲೂ ಮನೆಯಲ್ಲಿ ಆಗಾಗ ಬೇಕಿಂಗ್ ನಡೆಯುತ್ತಿದ್ದರೆ, ನನ್ನ ಮತ ಇಡೀ ಅಡುಗೆಮನೆಯನ್ನು ಬದಲಿಸುವುದಕ್ಕೆ. ಮೈದಾ ಧೂಳು ಹಾರಿ ಎಲ್ಲೆಂದರಲ್ಲಿ ಕೂರುತ್ತದೆ. ಗ್ಲುಟೆನ್ ರಹಿತ ಎನ್ನಲು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಒಪ್ಪುವ ಮಿತಿ ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್. ಹಳೆಯ ಜರಡಿಯ ಕಣ್ಣುಗಳಲ್ಲಿ ಉಳಿದ ಹಿಟ್ಟೂ ಈ ಲೆಕ್ಕವನ್ನು ಕೆಡಿಸಬಲ್ಲದು.

ಮಗುವಿನ ಊಟವಷ್ಟೇ ಬೇರೆ ಮಾಡಿದರೆ ಖರ್ಚು ಕಡಿಮೆ, ಉಳಿದವರ ಬ್ರೆಡ್ಡೂ ತಪ್ಪುವುದಿಲ್ಲ. ಆದರೆ ಟೋಸ್ಟರ್, ಜರಡಿ, ಮರದ ಮಣೆ, ಬೆಣ್ಣೆ ಡಬ್ಬಿ ಎಲ್ಲವೂ ಎರಡೆರಡು ಬೇಕು. ಬಂದ ನೆಂಟರು ಯಾವ ಚಾಕುವನ್ನು ಯಾವ ಡಬ್ಬಿಗೆ ಅದ್ದುತ್ತಾರೆ ಎಂದು ಕಾವಲು ಕಾಯಬೇಕು! ಸೀಲಿಯಾಕ್ ಅಲ್ಲ, ಬರೀ ಅಸಹಿಷ್ಣುತೆ ಎಂದು ವೈದ್ಯರು ಹೇಳಿದ್ದರೆ ಈ ದಾರಿ ಸಾಕಾಗಬಹುದು.

ಗ್ಲುಟೆನ್ ರಹಿತ ಹಿಟ್ಟಿನಲ್ಲೂ ಆಯ್ಕೆಯಿದೆ. ಅಂಗಡಿಯ ಸಿದ್ಧ ಮಿಶ್ರಣ ದುಬಾರಿ, ಆದರೆ ಫಲಿತಾಂಶ ಪ್ರತಿಸಲವೂ ಹೆಚ್ಚುಕಡಿಮೆ ಒಂದೇ. ಕೇಕ್, ಬಿಸ್ಕತ್ತಿಗೆ ಮನೆಯಲ್ಲೇ ಬೆರೆಸಿದ ಅಕ್ಕಿಹಿಟ್ಟು ಮತ್ತು ಆಲೂ ಪಿಷ್ಟ ಧಾರಾಳ ಸಾಕು. ಬ್ರೆಡ್ ಮಾತ್ರ ಹಠಮಾರಿ: ಗ್ಲುಟೆನ್ ಜಾಲವಿಲ್ಲದೆ ಗಾಳಿಗುಳ್ಳೆಗಳು ನಿಲ್ಲುವುದಿಲ್ಲ. ಇಸಬಗೋಲ್ ಹೊಟ್ಟನ್ನೋ ಹಿಟ್ಟನ್ನು ಅಂಟಿನಂತೆ ಹಿಡಿದಿಡುವ ಕ್ಸಾಂಥನ್ ಗಮ್ಮನ್ನೋ ಸೇರಿಸಿ, ನಾದುವಷ್ಟು ಗಟ್ಟಿಯಾಗಿಸದೆ ದಪ್ಪ ಸಂಪಣದಂತೆ ಕಲಸಿ, ಹಿಟ್ಟು ನೀರು ಹೀರುವಷ್ಟು ಹೊತ್ತು ಬಿಟ್ಟು, ಅಚ್ಚಿನಲ್ಲೇ ಬೇಯಿಸಬೇಕು. ಹೊಸಬರು ಬ್ರೆಡ್ಡಿಗೆ ಸಿದ್ಧ ಮಿಶ್ರಣವನ್ನೇ ಕೊಳ್ಳುವುದು ಜಾಣತನ.

ಓಟ್ಸ್ ಯಾವ ದಾರಿಯಲ್ಲೂ ಗ್ಲುಟೆನ್ ರಹಿತ ಲೇಬಲ್ ಇರುವುದೇ ಆಗಬೇಕು. ಅದನ್ನೂ ವೈದ್ಯರನ್ನು ಕೇಳಿಯೇ ಕೊಡಿ.